ಮಧ್ಯಮ ಹಂತದ ಸ್ಕೀ ಪಟುವಿಗೆ ಎಂಥ ಸ್ಕೀ? ಸಾರಕ್ಕಿಯಿಂದ ಗುಲ್ಮಾರ್ಗ್‌ಗೆ ಹೊರಡುವವರಿಗೊಂದು ಮಾಹಿತಿ

ಬೆಂಗಳೂರು: ಸಾರಕ್ಕಿಯಲ್ಲಿ ಹಿಮ ಬೀಳುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ನಗರದಲ್ಲಿ ಮಾಗಿಯ ಚಳಿ ಎಷ್ಟೇ ಹೆಚ್ಚಿದರೂ ಸಾರಕ್ಕಿ ಕೆರೆಯ ಮೇಲೆ ಕಾಣಸಿಗುವುದು ಬೆಳಗಿನ ಮಂಜು ಮಾತ್ರ. ಆದರೂ ಜೆ.ಪಿ. ನಗರ, ಜಯನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳ ಮನೆಗಳಿಂದ ಜನವರಿ, ಫೆಬ್ರವರಿ ತಿಂಗಳುಗಳಲ್ಲಿ ಕಾಶ್ಮೀರದ ಗುಲ್ಮಾರ್ಗ್, ಉತ್ತರಾಖಂಡದ ಔಲಿ, ಮನಾಲಿ ಸಮೀಪದ ಸೋಲಾಂಗ್ ಕಣಿವೆಗೆ ಸ್ಕೀಯಿಂಗ್ ಕಲಿಯಲು ಹೊರಡುವವರಿದ್ದಾರೆ. ಮೊದಲ ಸಲ ಹೋದವರಿಗೆ ಸಲಕರಣೆಯ ಚಿಂತೆ ಇರುವುದಿಲ್ಲ. ತರಬೇತಿ ಸಂಸ್ಥೆ ಕೊಟ್ಟ ಸ್ಕೀ, ಕೊಟ್ಟ ಬೂಟು, ಕೊಟ್ಟ ಕೋಲುಗಳಲ್ಲೇ ಎರಡು ವಾರ ಕಳೆದುಹೋಗುತ್ತವೆ. ಎರಡನೆಯ ಅಥವಾ ಮೂರನೆಯ ಚಳಿಗಾಲದ ಹೊತ್ತಿಗೆ ಮಾತ್ರ ಸ್ವಂತಕ್ಕೊಂದು ಜೋಡಿ ಸ್ಕೀ ಕೊಳ್ಳಬೇಕೆಂಬ ಆಸೆ ತಲೆಯೆತ್ತುತ್ತದೆ. ಅಲ್ಲಿಂದ ಗೊಂದಲವೂ ಆರಂಭ.

ಈ ಹಂತದಲ್ಲಿರುವವರನ್ನೇ ಸ್ಕೀ ಪರಿಭಾಷೆಯಲ್ಲಿ ಮಧ್ಯಮ ಹಂತದವರು ಎನ್ನುವುದು. ಎರಡೂ ಸ್ಕೀಗಳನ್ನು ಸಮಾನಾಂತರವಾಗಿಟ್ಟು ಸಾಧಾರಣ ಇಳಿಜಾರಿನಲ್ಲಿ ತಿರುವು ತೆಗೆದುಕೊಳ್ಳಬಲ್ಲರು. ವೇಗವನ್ನು ಅಂಕೆಯಲ್ಲಿ ಇಡಬಲ್ಲರು. ಆದರೆ ಇಳಿಜಾರು ಕಡಿದಾದೊಡನೆ ಅಥವಾ ಕಾಲಡಿಯ ಹಿಮ ಮಂಜುಗಡ್ಡೆಯಾದೊಡನೆ ಹಿಮ್ಮಡಿಗಳನ್ನು ಅಗಲಿಸಿ, ಮೊದಲ ವಾರ ಕಲಿತ ಆಂಗ್ಲ ‘ವಿ’ ಆಕಾರಕ್ಕೆ ಮರಳುತ್ತಾರೆ. ಆಳವಾದ ಹೊಸ ಹಿಮದಲ್ಲಿ ತೊಡರಿ ಬೀಳುತ್ತಾರೆ. ತಮ್ಮ ಮಟ್ಟವನ್ನು ಒಂದು ಮೆಟ್ಟಿಲು ಮೇಲಕ್ಕೆ ಅಂದಾಜು ಮಾಡಿಕೊಳ್ಳುವ ಪ್ರವೃತ್ತಿಯೂ ಈ ಹಂತದಲ್ಲೇ ಹೆಚ್ಚು. ಸಲಕರಣೆಯ ಆಯ್ಕೆಯಲ್ಲಿ ಆಗುವ ತಪ್ಪುಗಳಲ್ಲಿ ಬಹುಪಾಲು ಹುಟ್ಟುವುದು ಈ ಅಂದಾಜಿನಿಂದ.

ಸ್ಕೀ ಎಂದರೆ ಒಂದೇ ಬಗೆಯಲ್ಲ

ಕರ್ನಾಟಕದಲ್ಲಿ ಸ್ಕೀಯಿಂಗ್ ಎಂದೊಡನೆ ಇಂದು ನೆನಪಾಗುವ ಹೆಸರು ಕೊಡಗಿನ ತೆಕ್ಕಡ ಭವಾನಿ ನಂಜುಂಡ ಅವರದು. ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟಗಳಲ್ಲಿ ರಾಜ್ಯಕ್ಕೆ ಚಿನ್ನ ತಂದ ಅವರು 2024ರಲ್ಲಿ ಚಿಲಿ ದೇಶದಲ್ಲಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯ 5 ಕಿ.ಮೀ. ವಿಭಾಗದಲ್ಲಿ ಕಂಚಿನ ಪದಕ ಗೆದ್ದರು. ಆದರೆ ಅವರದು ಕ್ರಾಸ್ ಕಂಟ್ರಿ, ಅಂದರೆ ನಾರ್ಡಿಕ್ ವಿಭಾಗ. ಅಲ್ಲಿ ಬಳಸುವ ಸ್ಕೀ ನಾಲ್ಕೈದು ಸೆಂಟಿಮೀಟರ್ ಮಾತ್ರ ಅಗಲದ, ಗರಿಯಂತೆ ಹಗುರವಾದ ಪಟ್ಟಿ. ಬೂಟಿನ ಮುಂತುದಿ ಮಾತ್ರ ಅದಕ್ಕೆ ಅಂಟಿಕೊಂಡಿದ್ದು ಹಿಮ್ಮಡಿ ಬಿಡುಗಡೆಯಾಗಿರುತ್ತದೆ. ಸಮತಟ್ಟು ನೆಲದಲ್ಲಿ, ಏರುದಾರಿಯಲ್ಲಿ ದೇಹಬಲದಿಂದ ಮುಂದೆ ಸಾಗಲು ಮಾಡಿದ ಸಾಧನವದು. ಭವಾನಿ ಅವರಿಂದ ಸ್ಫೂರ್ತಿ ಪಡೆದು ಅಂಥದೇ ಸ್ಕೀ ತರಿಸಿಕೊಂಡು ಗುಲ್ಮಾರ್ಗ್‌ನ ಗೊಂಡೊಲಾ ಏರುವವರಿಗೆ ಇಳಿಯುವಾಗ ಬಲು ಕಷ್ಟವಾದೀತು.

ಇನ್ನೊಂದು ತುದಿಯಲ್ಲಿ 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಭಾರತದ ಏಕೈಕ ಸ್ಪರ್ಧಿಯಾಗಿದ್ದ ಕಾಶ್ಮೀರದ ಆರಿಫ್ ಖಾನ್ ಅವರಂಥವರು ಬಳಸುವ ಆಲ್ಪೈನ್ ಸ್ಪರ್ಧಾ ಸ್ಕೀಗಳಿವೆ. ಇವುಗಳಲ್ಲಿ ಹಿಮ್ಮಡಿಯೂ ಬಿಗಿದಿರುತ್ತದೆ. ನಡು ತೀರ ಕಿರಿದು. ಗಟ್ಟಿ ಹಿಮವನ್ನು ಚಾಕುವಿನಂತೆ ಕೊರೆಯುವುದೇ ಅವುಗಳ ಗುಣ. ಮೂರನೆಯದು ಆಳವಾದ ಹೊಸ ಹಿಮದಲ್ಲಿ ತೇಲಲೆಂದೇ ಮಾಡಿದ, 105 ಮಿ.ಮೀ.ಗಿಂತ ಅಗಲವಾದ ಪೌಡರ್ ಸ್ಕೀ. ಇವೆರಡರ ನಡುವೆ ನಿಲ್ಲುವ, ಹದಗೊಳಿಸಿದ ಇಳಿಜಾರಿನಲ್ಲೂ ಹದಗೊಳಿಸದ ಹಿಮದಲ್ಲೂ ತಕ್ಕಮಟ್ಟಿಗೆ ನಡೆಯುವ ಬಗೆಯನ್ನು ‘ಆಲ್ ಮೌಂಟನ್’ ಎಂದು ಕರೆಯುತ್ತಾರೆ. ಮಧ್ಯಮ ಹಂತದವರು ಕೊಳ್ಳುವುದಾದರೆ ಕೊಳ್ಳಬೇಕಾದದ್ದು ಇದನ್ನೇ. ಎಲ್ಲದರಲ್ಲೂ ಅತ್ಯುತ್ತಮವೆಂದು ಇದನ್ನು ಯಾರೂ ಹೇಳುವುದಿಲ್ಲ. ಯಾವುದರಲ್ಲೂ ಕೈಕೊಡುವುದಿಲ್ಲ ಎಂಬುದೇ ಇದರ ಹೆಗ್ಗಳಿಕೆ.

ಹಳೆಯ ತಲೆಮಾರಿನ ಒಂದು ಸಲಹೆಯನ್ನು ಇಲ್ಲೇ ಬದಿಗಿಡಬೇಕು. ಕೈಯನ್ನು ನೇರ ಮೇಲಕ್ಕೆತ್ತಿದಾಗ ಅಂಗೈಗೆ ತಾಗುವಷ್ಟು ಉದ್ದದ ಸ್ಕೀ ಆರಿಸಬೇಕೆಂಬ ಮಾತು ಇಂದಿಗೂ ಅಲ್ಲಲ್ಲಿ ಕೇಳಿಬರುತ್ತದೆ. ಎರಡು ಮೀಟರ್ ಉದ್ದದ, ಬಹುತೇಕ ನೇರ ಅಂಚುಗಳ ಸ್ಕೀಗಳ ಕಾಲಕ್ಕೆ ಅದು ಸರಿಯಾಗಿತ್ತು. 1993ರಲ್ಲಿ ಸ್ಲೊವೇನಿಯಾದ ಎಲಾನ್ ಸಂಸ್ಥೆ ತುದಿಗಳು ಅಗಲವಾಗಿ, ನಡು ಸಣ್ಣಗಾಗಿರುವ ಮಾದರಿಯನ್ನು ಹೊರತಂದ ಮೇಲೆ ಆ ಲೆಕ್ಕ ತಲೆಕೆಳಗಾಯಿತು. ಅಂಚನ್ನು ತುಸು ವಾಲಿಸಿದರೆ ಸಾಕು, ಸ್ಕೀ ತಾನಾಗಿ ತಿರುಗುವಂತಾಯಿತು, ಉದ್ದವೂ ಕುಗ್ಗಿತು. 2002ರ ಹೊತ್ತಿಗೆ ಶೇನ್ ಮೆಕಾಂಕಿ ಎಂಬ ಸ್ಕೀ ಪಟು ನೀರಿನ ಮೇಲೆ ಜಾರುವ ಸ್ಕೀಗಳಿಂದ ಪ್ರೇರಣೆ ಪಡೆದು, ತುದಿಗಳು ಮೇಲಕ್ಕೆ ಬಾಗಿದ ‘ಸ್ಪಾಟುಲಾ’ ಎಂಬ ಸ್ಕೀಯನ್ನು ವೊಲಾಂಟ್ ಸಂಸ್ಥೆಗಾಗಿ ರೂಪಿಸಿದರು. ಇಂದಿನ ಆಲ್ ಮೌಂಟನ್ ಸ್ಕೀ ಇವೆರಡು ಆಲೋಚನೆಗಳ ಸಂತಾನ.

ನಡುವಿನ ಅಳತೆ

ಪ್ರತಿಯೊಂದು ಸ್ಕೀಯ ಮೇಲೂ ಮೂರು ಅಂಕಿಗಳು ಮುದ್ರಿತವಾಗಿರುತ್ತವೆ. ಉದಾಹರಣೆಗೆ 128-88-110 ಎಂದಿದ್ದರೆ ಮುಂತುದಿ, ನಡು, ಹಿಂತುದಿಗಳ ಅಗಲ ಮಿಲಿಮೀಟರ್‌ಗಳಲ್ಲಿ ಅಷ್ಟು ಎಂದರ್ಥ. ಕೊಳ್ಳುವವರು ಮೊದಲು ನೋಡಬೇಕಾದದ್ದು ಮಧ್ಯದ ಅಂಕಿಯನ್ನು. 80 ಮಿ.ಮೀ.ಗಿಂತ ಕಡಿಮೆಯಾದರೆ ಅದು ಹದಗೊಳಿಸಿದ ಇಳಿಜಾರಿನ ಸ್ಕೀ. 80ರಿಂದ 100ರವರೆಗಿನದನ್ನು ಸ್ಥೂಲವಾಗಿ ಆಲ್ ಮೌಂಟನ್ ಎನ್ನಬಹುದು. ನಡು ಅಗಲವಾದಷ್ಟೂ ಸ್ಕೀ ಮೆತ್ತನೆಯ ಹಿಮದ ಮೇಲೆ ತೇಲುತ್ತದೆ. ಆದರೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೊರಳಿಸಲು ಹೆಚ್ಚು ಹೊತ್ತು, ಹೆಚ್ಚು ಬಲ ಬೇಕಾಗುತ್ತದೆ. ಗಟ್ಟಿ ಹಿಮದಲ್ಲಿ ಈ ಶ್ರಮವೆಲ್ಲ ಮಂಡಿಯ ಮೇಲೆ ಬೀಳುತ್ತದೆ. ವರ್ಷವಿಡೀ ಕಚೇರಿಯ ಕುರ್ಚಿಯಲ್ಲಿ ಕುಳಿತು ಹತ್ತು ದಿನಕ್ಕೆಂದು ಪರ್ವತಕ್ಕೆ ಬರುವವರ ಮಂಡಿಗೆ ಇದು ಸಣ್ಣ ವಿಷಯವಲ್ಲ.

ಹಾಗಾದರೆ 80 ಸರಿಯೋ 100 ಸರಿಯೋ ಎಂಬ ಪ್ರಶ್ನೆಗೆ ಉತ್ತರ ಸ್ಕೀಯಲ್ಲಿಲ್ಲ, ಹೋಗುವ ಸ್ಥಳದಲ್ಲಿದೆ. ಯುರೋಪಿನ ಆಲ್ಪ್ಸ್‌ನಲ್ಲಿ ಪ್ರತಿರಾತ್ರಿ ಯಂತ್ರಗಳು ಇಳಿಜಾರುಗಳನ್ನು ನುಣುಪಾಗಿ ಹದಗೊಳಿಸುತ್ತವೆ. ಅಲ್ಲಿನ ಮಾರಾಟಗಾರ 80 ಅಥವಾ 84 ಮಿ.ಮೀ. ನಡುವಿನ ಸ್ಕೀ ತೋರಿಸಿದರೆ ಅದು ಅಲ್ಲಿಗೆ ಸರಿಯಾದ ಸಲಹೆಯೇ. ಗುಲ್ಮಾರ್ಗ್‌ನ ಸ್ಥಿತಿ ಬೇರೆ. ಸುಮಾರು 2,650 ಮೀಟರ್ ಎತ್ತರದ ಊರಿನ ಪಕ್ಕದ ತಗ್ಗು ಇಳಿಜಾರುಗಳಲ್ಲಿ ಕಲಿಕೆ ನಡೆಯುತ್ತದೆ. ಅಲ್ಲಿಂದ ಗೊಂಡೊಲಾದ ಮೊದಲ ಹಂತ ಕೊಂಗದೂರಿಗೂ, 2005ರಲ್ಲಿ ಆರಂಭವಾದ ಎರಡನೆಯ ಹಂತ ಅಫರ್ವಟ್ ಪರ್ವತದ ಹೆಗಲ ಮೇಲೆ, ಸುಮಾರು 3,950 ಮೀಟರ್ ಎತ್ತರಕ್ಕೂ ಒಯ್ಯುತ್ತದೆ. ಮೇಲಿನ ಹಂತದಲ್ಲಿ ಯಂತ್ರದಿಂದ ಹದಗೊಳಿಸಿದ ದಾರಿ ಕಡಿಮೆ, ಸಹಜ ಹಿಮವೇ ಹೆಚ್ಚು. ಜಗತ್ತಿನ ನಾನಾ ಮೂಲೆಗಳಿಂದ ನುರಿತ ಪಟುಗಳು ಬರುವುದು ಈ ಹಿಮಕ್ಕಾಗಿಯೇ. ಅವರ ಕಾಲಲ್ಲಿ 110 ಮಿ.ಮೀ. ಅಗಲದ ಸ್ಕೀ ಕಂಡು ಅದನ್ನೇ ಕೊಳ್ಳುವ ಮನಸ್ಸಾಗುವುದು ಸಹಜ. ಆದರೆ ಮಧ್ಯಮ ಹಂತದ ಬೆಂಗಳೂರಿಗರ ಬಹುಪಾಲು ಗಂಟೆಗಳು ಕಳೆಯುವುದು ಕೆಳಗಿನ ಇಳಿಜಾರಿನಲ್ಲಿ ಮತ್ತು ಕೊಂಗದೂರಿಯಿಂದ ಊರಿಗಿಳಿಯುವ ದಾರಿಯಲ್ಲಿ.

ಆದುದರಿಂದ ಭಾರತದಲ್ಲೇ, ಅದರಲ್ಲೂ ಗುಲ್ಮಾರ್ಗ್‌ನಲ್ಲಿ ಹೆಚ್ಚಾಗಿ ಆಡುವವರಿಗೆ 88ರಿಂದ 95 ಮಿ.ಮೀ. ನಡು ಹೊಂದುತ್ತದೆ. ಔಲಿಯ ಇಳಿಜಾರುಗಳು ಸುಮಾರು 2,500ರಿಂದ 3,050 ಮೀಟರ್‌ಗಳ ನಡುವೆ ಇವೆ; ಅಲ್ಲಿಯೂ ಸೋಲಾಂಗ್‌ನಲ್ಲಿಯೂ ಮಾತ್ರ ಆಡುವವರಿಗೆ 82ರಿಂದ 88 ಸಾಕು. ದೇಹತೂಕ ಕಡಿಮೆಯಿರುವವರು ಈ ಮಿತಿಗಳಲ್ಲಿ ಕೆಳಗಿನ ಅಂಕಿಯ ಕಡೆಗೆ, ಹೆಚ್ಚಿರುವವರು ಮೇಲಿನ ಅಂಕಿಯ ಕಡೆಗೆ ಸರಿಯಬಹುದು. 100 ದಾಟುವ ಅಗತ್ಯ ಈ ಹಂತದಲ್ಲಿ ಯಾರಿಗೂ ಇಲ್ಲ.

ಉದ್ದ, ಬಾಗು, ಗಡಸು

ಉದ್ದದ ವಿಷಯದಲ್ಲಿ ಸರಳ ಸೂತ್ರವೊಂದಿದೆ. ಸ್ಕೀಯನ್ನು ನೆಟ್ಟಗೆ ನಿಲ್ಲಿಸಿದಾಗ ಅದರ ತುದಿ ಗಲ್ಲಕ್ಕಿಂತ ಕೆಳಗಿರಬಾರದು, ನೆತ್ತಿಗಿಂತ ಮೇಲಿರಬಾರದು. 170 ಸೆಂ.ಮೀ. ಎತ್ತರದವರಿಗೆ 160ರಿಂದ 170 ಸೆಂ.ಮೀ. ಸ್ಕೀ ಎಂದಾಯಿತು. ಎತ್ತರಕ್ಕಿಂತ ತೂಕ ಮುಖ್ಯ ಎಂಬುದನ್ನು ಮರೆಯಬಾರದು. ಸ್ಕೀಯನ್ನು ಒತ್ತಿ ಬಾಗಿಸುವುದು ಎತ್ತರವಲ್ಲ, ತೂಕ. ಒಂದೇ ಎತ್ತರದ ಇಬ್ಬರಲ್ಲಿ 58 ಕಿಲೊ ತೂಗುವವರಿಗೂ 85 ಕಿಲೊ ತೂಗುವವರಿಗೂ ಒಂದೇ ಉದ್ದ ಸೂಚಿಸುವ ಪಟ್ಟಿಯನ್ನು ನಂಬಬೇಕಾಗಿಲ್ಲ.

ಸ್ಕೀಯನ್ನು ನೆಲದ ಮೇಲಿಟ್ಟು ಬದಿಯಿಂದ ನೋಡಿದರೆ ನಡುಭಾಗ ಬಿಲ್ಲಿನಂತೆ ತುಸು ಮೇಲೆದ್ದಿರುವುದು ಕಾಣುತ್ತದೆ. ಇದು ಕ್ಯಾಂಬರ್. ಮೈಭಾರ ಬಿದ್ದಾಗ ಇದು ಚಪ್ಪಟೆಯಾಗಿ ಅಂಚನ್ನು ಉದ್ದಕ್ಕೂ ಹಿಮಕ್ಕೆ ಒತ್ತುತ್ತದೆ, ಹಿಡಿತ ಕೊಡುತ್ತದೆ. ತುದಿಯ ಕಡೆ ಸ್ಕೀ ಬೇಗನೆ ನೆಲ ಬಿಟ್ಟು ಮೇಲೇರುವುದು ರಾಕರ್. ಇದು ತಿರುವನ್ನು ಸಲೀಸಾಗಿ ಆರಂಭಿಸುತ್ತದೆ, ಮೆತ್ತನೆಯ ಹಿಮದಲ್ಲಿ ಮೂತಿ ಹೂತುಹೋಗದಂತೆ ಕಾಯುತ್ತದೆ. ಮುಂತುದಿಯಲ್ಲಿ ರಾಕರ್, ಪಾದದಡಿ ಕ್ಯಾಂಬರ್, ಹಿಂತುದಿ ಹೆಚ್ಚುಕಡಿಮೆ ಚಪ್ಪಟೆ ಅಥವಾ ಅಲ್ಪ ರಾಕರ್ ಇರುವ ಜೋಡಣೆ ಮಧ್ಯಮ ಹಂತಕ್ಕೆ ಒಪ್ಪುತ್ತದೆ. ರಾಕರ್ ಹೆಚ್ಚಿದ್ದರೆ ಹಿಮ ಮುಟ್ಟುವ ಅಂಚಿನ ಉದ್ದ ಕಡಿಮೆಯಾಗುವುದರಿಂದ ಮೇಲೆ ಹೇಳಿದ ಉದ್ದಕ್ಕೆ ಮೂರು ನಾಲ್ಕು ಸೆಂಟಿಮೀಟರ್ ಕೂಡಿಸಬಹುದು. ಸ್ಕೀಯ ಮೇಲೆಯೇ ಬರೆದಿರುವ ತಿರುವಿನ ತ್ರಿಜ್ಯ 14ರಿಂದ 18 ಮೀಟರ್‌ಗಳ ಒಳಗಿದ್ದರೆ ಸಾಕು. ಅದರ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ಗಡಸುತನದ ಬಗ್ಗೆ ತುಸು ವಿವರವಾಗಿ ಹೇಳಬೇಕು, ಏಕೆಂದರೆ ಅಂಗಡಿಗಳ ವರ್ಣನೆಗಳು ದಾರಿ ತಪ್ಪಿಸುವುದು ಇಲ್ಲೇ. ಸ್ಕೀಯ ತಿರುಳು ಸಾಮಾನ್ಯವಾಗಿ ಮರದ್ದು: ಪಾಪ್ಲರ್, ಬೀಚ್, ಆ್ಯಶ್, ಹಗುರಬೇಕಾದರೆ ಪಾಲೊನಿಯಾ. ಅದರ ಮೇಲೆ ಕೆಳಗೆ ಗಾಜಿನ ನಾರಿನ ಪದರಗಳು. ದುಬಾರಿ ಸ್ಕೀಗಳಲ್ಲಿ ಇವುಗಳ ಜೊತೆಗೆ ಟೈಟಾನಲ್ ಎಂಬ ಲೋಹದ ಹಾಳೆಗಳಿರುತ್ತವೆ. ಹೆಸರು ಕೇಳಿದವರು ಟೈಟಾನಿಯಂ ಎಂದುಕೊಳ್ಳುತ್ತಾರೆ. ವಾಸ್ತವದಲ್ಲಿ ಅದು ಅಲ್ಯೂಮಿನಿಯಂ ಮಿಶ್ರಲೋಹ. ಎರಡು ಪೂರ್ಣ ಹಾಳೆ ಟೈಟಾನಲ್ ಇರುವ ಸ್ಕೀ ಅತಿವೇಗದಲ್ಲೂ ನಡುಗುವುದಿಲ್ಲ; ಆದರೆ ಆ ವೇಗ ತಲುಪದವರ ಕಾಲಡಿಯಲ್ಲಿ ಅದು ಬಾಗುವುದೂ ಇಲ್ಲ. ಬಾಗದ ಸ್ಕೀ ತಿರುಗುವುದಿಲ್ಲ. ತಿರುಗದ ಸ್ಕೀಯ ಮೇಲೆ ನಿಂತವರು ತಮ್ಮ ಕಲಿಕೆಯೇ ಕುಂಟಿತೆಂದು ಭಾವಿಸುತ್ತಾರೆ. ಫೋಲ್ಕ್ಲ್ ಸಂಸ್ಥೆಯ ಮಾಂತ್ರಾ, ನಾರ್ಡಿಕಾದ ಎನ್ಫೋರ್ಸರ್ ಮೊದಲಾದ ಸರಣಿಗಳು ವಿಮರ್ಶೆಗಳಲ್ಲಿ ಬಹಳ ಹೊಗಳಿಸಿಕೊಳ್ಳುವಂಥವು. ಹೊಗಳುವವರು ನುರಿತವರು ಎಂಬುದನ್ನು ಗಮನಿಸಬೇಕು. ಲೋಹವಿಲ್ಲದ ಅಥವಾ ಪಾದದಡಿ ಮಾತ್ರ ಚೂರು ಲೋಹವಿರುವ ಮಾದರಿಗಳು ಎಲಾನ್‌ನ ರಿಪ್‌ಸ್ಟಿಕ್, ರೊಸಿನ್ಯೋಲ್‌ನ ಎಕ್ಸ್‌ಪೀರಿಯನ್ಸ್, ಕೆ2 ಸಂಸ್ಥೆಯ ಮೈಂಡ್‌ಬೆಂಡರ್ ಸರಣಿಗಳಲ್ಲಿ ದೊರೆಯುತ್ತವೆ. ಒಂದೇ ಸರಣಿಯಲ್ಲಿ ಲೋಹ ಸಹಿತವೂ ಲೋಹ ರಹಿತವೂ ಇರಬಹುದಾದುದರಿಂದ ಹೆಸರು ನೋಡಿ ಕೊಳ್ಳದೆ ರಚನೆಯ ವಿವರ ಓದಿ ಕೊಳ್ಳುವುದು ಲೇಸು. ಮಹಿಳೆಯರ ಸ್ಕೀ ಎಂದು ಮಾರುವವುಗಳಲ್ಲಿ ಕೆಲವು ಪುರುಷರ ಮಾದರಿಯ ಹಗುರ ರೂಪಗಳು, ಇನ್ನು ಕೆಲವು ಬಣ್ಣ ಮಾತ್ರ ಬದಲಾದವು. ತೂಕ ಕಡಿಮೆಯಿರುವ ಪುರುಷರು ಆ ಹಗುರ ರೂಪವನ್ನು ಬಳಸುವುದರಲ್ಲಿ ತಪ್ಪೇನಿಲ್ಲ.

ಬೂಟು ಮೊದಲು, ಸ್ಕೀ ಆಮೇಲೆ

ಇಷ್ಟೆಲ್ಲ ಲೆಕ್ಕ ಹಾಕಿ ತಂದ ಸ್ಕೀ ಬಾಡಿಗೆಯ ಸಡಿಲ ಬೂಟಿನ ಕೆಳಗೆ ಸೇರಿದರೆ ಹಣ ವ್ಯರ್ಥ. ಕಾಲು ಹೇಳಿದ್ದು ಸ್ಕೀಗೆ ತಲುಪುವುದು ಬೂಟಿನ ಮೂಲಕ. ಬೂಟಿನೊಳಗೆ ಪಾದ ಅರ್ಧ ಇಂಚು ಜಾರಿದರೂ ಆ ಮಾತು ದಾರಿಯಲ್ಲೇ ಕಳೆದುಹೋಗುತ್ತದೆ. ಬಜೆಟ್ ಒಂದಕ್ಕೇ ಸಾಲುವಂತಿದ್ದರೆ ಬೂಟು ಕೊಂಡು ಸ್ಕೀಯನ್ನು ಬಾಡಿಗೆಗೆ ಪಡೆಯುವುದೇ ಸರಿಯಾದ ಕ್ರಮ. ಬೂಟಿನ ಅಳತೆ ಸೆಂಟಿಮೀಟರ್‌ಗಳಲ್ಲಿರುತ್ತದೆ, 26.5 ಎಂದರೆ ಪಾದದ ಉದ್ದ ಅಷ್ಟು. ನೆಟ್ಟಗೆ ನಿಂತಾಗ ಹೆಬ್ಬೆರಳು ಮುಂದಿನ ಗೋಡೆಗೆ ತಾಗಬೇಕು, ಮಂಡಿ ಮುಂದಕ್ಕೆ ಬಾಗಿಸಿದಾಗ ತುಸು ಹಿಂದೆ ಸರಿಯಬೇಕು. ಅಂಗಡಿಯಲ್ಲಿ ಹಿತವೆನಿಸಿದ ಬೂಟು ಸಾಮಾನ್ಯವಾಗಿ ಒಂದು ಅಳತೆ ದೊಡ್ಡದು. ಮುಂಗಾಲಿನ ಅಗಲ 98ರಿಂದ 104 ಮಿ.ಮೀ.ವರೆಗೆ ಬೇರೆ ಬೇರೆ ದೊರೆಯುವುದರಿಂದ ಬಾಲ್ಯದಿಂದ ಚಪ್ಪಲಿಯಲ್ಲೇ ನಡೆದು ಪಾದ ಹರಡಿಕೊಂಡವರು ನಿರಾಶರಾಗಬೇಕಾಗಿಲ್ಲ. ಗಡಸುತನದ ಅಂಕಿ ಮಧ್ಯಮ ಹಂತದ ಪುರುಷರಿಗೆ 80ರಿಂದ 100, ಮಹಿಳೆಯರಿಗೆ 70ರಿಂದ 90 ಸಾಕು. ಬೂಟನ್ನು ಮಾತ್ರ ಅಂತರಜಾಲದಲ್ಲಿ ತರಿಸದೆ, ಕಾಲಿಗೆ ಹಾಕಿ ನೋಡಿಯೇ ಕೊಳ್ಳಬೇಕು. ವಿದೇಶ ಪ್ರವಾಸದ ಒಂದು ಮಧ್ಯಾಹ್ನವನ್ನು ಇದಕ್ಕೆಂದೇ ಮೀಸಲಿಡುವುದು ಉತ್ತಮ.

ಬೂಟನ್ನೂ ಸ್ಕೀಯನ್ನೂ ಕೂಡಿಸುವ ಬೈಂಡಿಂಗ್ ಎಂಬ ಕೊಂಡಿಯ ವಿಷಯದಲ್ಲಿ ಆಗುವ ತಪ್ಪು ಹಣದ ನಷ್ಟಕ್ಕೆ ನಿಲ್ಲುವುದಿಲ್ಲ. ಬಿದ್ದಾಗ ಬೂಟನ್ನು ಬಿಟ್ಟುಕೊಡುವುದು, ಬೀಳದಿದ್ದಾಗ ಹಿಡಿದುಕೊಂಡಿರುವುದು ಅದರ ಕೆಲಸ. ಎಷ್ಟು ಬಲ ಬಿದ್ದಾಗ ಬಿಡಬೇಕೆಂಬುದನ್ನು ‘ಡಿನ್’ ಎಂಬ ಅಂಕಿ ಸೂಚಿಸುತ್ತದೆ. ಆ ಅಂಕಿಯನ್ನು ಐಎಸ್‌ಒ 11088 ಮಾನದಂಡದ ಪ್ರಕಾರ ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ ಮತ್ತು ಆಡುವ ಶೈಲಿ ಇವುಗಳಿಂದ ಲೆಕ್ಕ ಹಾಕುತ್ತಾರೆ. ವಯಸ್ಸು 50 ದಾಟಿದವರಿಗೆ ಅಂಕಿ ಒಂದು ಮೆಟ್ಟಿಲು ಇಳಿಯುತ್ತದೆ. 70 ಕಿಲೊ ತೂಕದ ಮಧ್ಯಮ ಹಂತದ ವಯಸ್ಕರಿಗೆ ಸಾಮಾನ್ಯವಾಗಿ ಇದು 5ರಿಂದ 7ರ ಆಸುಪಾಸು ಬರುತ್ತದೆ. ಹೀಗಿರುವಾಗ 3ರಿಂದ 10 ಅಥವಾ 4ರಿಂದ 11ರ ವ್ಯಾಪ್ತಿಯ ಬೈಂಡಿಂಗ್ ಕೊಂಡರೆ ತಮ್ಮ ಅಂಕಿ ಮಧ್ಯದಲ್ಲಿ ಬೀಳುತ್ತದೆ. 6ರಿಂದ 16ರ ಬೈಂಡಿಂಗ್ ಗಟ್ಟಿಮುಟ್ಟಾಗಿ ಕಂಡರೂ ಇಂಥವರಿಗಲ್ಲ. ಸ್ಕ್ರೂಡ್ರೈವರ್ ಹಿಡಿದು ತಾವೇ ಬಿಗಿಗೊಳಿಸುವ ಸಾಹಸವಂತೂ ಸಲ್ಲದು. ಸರಿಯಾಗಿ ಹೊಂದಿಸಿದ ಬೈಂಡಿಂಗ್ ಕೂಡ ಕಣಕಾಲಿನ ಮೂಳೆಯನ್ನು ಕಾಯುವಷ್ಟು ಚೆನ್ನಾಗಿ ಮಂಡಿಯೊಳಗಿನ ಅಸ್ಥಿರಜ್ಜುವನ್ನು ಕಾಯಲಾರದು ಎಂಬುದು ಸ್ಕೀ ಗಾಯಗಳ ದಶಕಗಳ ಅಧ್ಯಯನ ತೋರಿಸಿರುವ ಸಂಗತಿ.

ಇನ್ನೊಂದು ತೊಡಕೆಂದರೆ ಬೂಟಿನ ಅಡಿಗಳು ಎಲ್ಲವೂ ಒಂದೇ ಅಲ್ಲ. ಸಾಂಪ್ರದಾಯಿಕ ಆಲ್ಪೈನ್ ಅಡಿ, ನಡೆಯಲು ಅನುಕೂಲವಾಗುವಂತೆ ಬಾಗಿದ ಗ್ರಿಪ್‌ವಾಕ್ ಅಡಿ, ಪರ್ವತವೇರುವ ಟೂರಿಂಗ್ ಅಡಿ ಎಂದು ಮೂರು ಬಗೆ ಬಳಕೆಯಲ್ಲಿವೆ. ಹಳೆಯ ಬೈಂಡಿಂಗ್‌ಗೆ ಗ್ರಿಪ್‌ವಾಕ್ ಬೂಟು ಮೇಲ್ನೋಟಕ್ಕೆ ಕೂತಂತೆ ಕಂಡರೂ ಬೀಳುವಾಗ ಬಿಡದೇ ಇರಬಹುದು. ಬೈಂಡಿಂಗ್‌ನ ಮೇಲೆ ಯಾವ ಬಗೆಗೆ ಒಪ್ಪಿಗೆಯಿದೆ ಎಂದು ಬರೆದಿರುತ್ತದೆ; ಅದನ್ನು ಓದಿ ನೋಡಬೇಕು.

ವಿದೇಶದಿಂದ ಬರುವ ಜೋಡಿ

ದಕ್ಷಿಣ ಬೆಂಗಳೂರಿನ ಅನೇಕ ಮನೆಗಳಲ್ಲಿ ಮಗನೋ ಸೊಸೆಯೋ ಅಳಿಯನೋ ಅಮೆರಿಕದಲ್ಲಿ, ಜರ್ಮನಿಯಲ್ಲಿ ಇರುತ್ತಾರೆ. ಸ್ಕೀ ತರಿಸುವ ಸುಲಭ ಮಾರ್ಗ ಅದೇ. ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಹೊಸ ಆಲ್ ಮೌಂಟನ್ ಜೋಡಿ ಬೈಂಡಿಂಗ್ ಸಹಿತ ಸುಮಾರು 500ರಿಂದ 1,000 ಯೂರೊ ಬೀಳುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಋತು ಮುಗಿಯುವಾಗ ಅದೇ ಸ್ಕೀ ರಿಯಾಯಿತಿಗೆ ಬರುತ್ತದೆ. ಬಾಡಿಗೆಗೆಂದು ಒಂದು ಋತು ಬಳಸಿದ ಜೋಡಿಗಳನ್ನೂ ಅಂಗಡಿಗಳು ಆಗ ಮಾರಿಬಿಡುತ್ತವೆ. ಹಿಂದಿನ ವರ್ಷದ ಮಾದರಿಯೆಂದು ಹಿಂಜರಿಯುವ ಕಾರಣವಿಲ್ಲ, ಬಹಳ ಸಲ ಬದಲಾಗಿರುವುದು ಚಿತ್ರ ಮಾತ್ರ.

ಬಳಸಿದ ಸ್ಕೀ ಕೊಳ್ಳುವಾಗ ನೋಡಬೇಕಾದದ್ದು ಅಂಚಿನ ಉಕ್ಕು ಎಲ್ಲಾದರೂ ಬಿರುಕುಬಿಟ್ಟಿದೆಯೇ, ತಳದ ಪ್ಲಾಸ್ಟಿಕ್ ಕಿತ್ತು ತಿರುಳಿನ ಮರ ಕಾಣುತ್ತಿದೆಯೇ, ಬದಿಯ ಪದರಗಳು ಬಾಯಿಬಿಟ್ಟಿವೆಯೇ ಎಂಬುದನ್ನು. ತಳದ ಮೇಲಿನ ಸಣ್ಣ ಗೀರುಗಳು ಲೆಕ್ಕಕ್ಕಿಲ್ಲ. ಬೈಂಡಿಂಗ್‌ನ ವಯಸ್ಸು ಮಾತ್ರ ಲೆಕ್ಕಕ್ಕಿದೆ. ತಯಾರಕರು ತಾವು ಇನ್ನೂ ಹೊಣೆ ಹೊರುವ ಬೈಂಡಿಂಗ್‌ಗಳ ಪಟ್ಟಿಯನ್ನು ಪ್ರತಿವರ್ಷ ಪ್ರಕಟಿಸುತ್ತಾರೆ. ಪಟ್ಟಿಯಿಂದ ಹೊರಬಿದ್ದದ್ದನ್ನು ಅಮೆರಿಕದ ಅಂಗಡಿಗಳು ಮುಟ್ಟಲೂ ಒಪ್ಪುವುದಿಲ್ಲ. ಬೆಂಗಳೂರಿಗೆ ಕಳುಹಿಸುವ ಮೊದಲು ಅಲ್ಲೇ, ಇಲ್ಲಿನವರ ತೂಕ, ಎತ್ತರ, ಬೂಟಿನ ಅಡಿಯ ಉದ್ದ ಕೊಟ್ಟು ಹೊಂದಿಸಿ ಕಳುಹಿಸುವುದು ಕ್ಷೇಮ. ತಂತ್ರಜ್ಞರು ಬೂಟನ್ನೇ ಕೇಳುತ್ತಾರೆ. ಆದುದರಿಂದ ಬೂಟು ಮೊದಲು ಎಂಬ ಮಾತು ಇಲ್ಲಿಯೂ ನಿಲ್ಲುತ್ತದೆ.

ಇನ್ನು ಖರ್ಚಿನ ಮಾತು. ಸ್ಕೀ, ಬೈಂಡಿಂಗ್, ಬೂಟು ಎಲ್ಲ ಸೇರಿ 80,000 ರೂಪಾಯಿ ಆಯಿತೆನ್ನೋಣ. ವರ್ಷಕ್ಕೆ ಏಳು ದಿನದಂತೆ ಮೂರು ವರ್ಷ ಆಡಿದರೆ 21 ದಿನ. ದಿನಕ್ಕೆ ಸುಮಾರು 3,800 ರೂಪಾಯಿ ಬಿದ್ದಂತಾಯಿತು. ಇದನ್ನು ಸ್ಥಳದ ಬಾಡಿಗೆ ದರದ ಪಕ್ಕದಲ್ಲಿಟ್ಟು ನೋಡಿದವರಲ್ಲಿ ಅನೇಕರು ಬೂಟಿಗಷ್ಟೇ ತೃಪ್ತರಾಗುವುದುಂಟು. ಸಾಗಾಟದ ಖರ್ಚು ಬೇರೆ. ಬೈಂಡಿಂಗ್ ಸಹಿತ ಒಂದು ಜೋಡಿ ಸ್ಕೀ ಐದಾರು ಕಿಲೊ, ಬೂಟು ನಾಲ್ಕು ಕಿಲೊ, ಚೀಲ ಎರಡು ಕಿಲೊ ತೂಗುತ್ತವೆ. ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯವಾಗಿ ದೊರೆಯುವ 15 ಕಿಲೊ ಮಿತಿಯಲ್ಲಿ ಉಣ್ಣೆ ಬಟ್ಟೆಗೆ ಉಳಿಯುವುದು ಮೂರು ಕಿಲೊ. 170 ಸೆಂ.ಮೀ. ಉದ್ದದ ಚೀಲವನ್ನು ಸಾರಕ್ಕಿ ಸಿಗ್ನಲ್‌ನಲ್ಲಿ ಆಟೊದೊಳಗೆ ಅಡ್ಡ ಮಲಗಿಸಲು ಹೋದವರ ಪಾಡು ಹೇಳಬೇಕಾಗಿಲ್ಲ. ಹಿಂಬದಿ ಸೀಟು ಮಡಚುವ ಕಾರನ್ನೇ ಮೊದಲು ಗೊತ್ತುಮಾಡಿಕೊಳ್ಳುವುದು ಒಳಿತು. ಶ್ರೀನಗರದಿಂದ ಗುಲ್ಮಾರ್ಗ್‌ಗೆ ಸುಮಾರು 50 ಕಿ.ಮೀ. ದಾರಿ. ಹಿಮ ಬಿದ್ದ ದಿನಗಳಲ್ಲಿ ತಂಗ್‌ಮಾರ್ಗ್‌ನಿಂದ ಮೇಲಕ್ಕೆ ಗಾಲಿಗೆ ಸರಪಳಿ ಬಿಗಿದ ವಾಹನಗಳಿಗೆ ಬದಲಾಯಿಸಬೇಕಾಗಿ ಬರುವುದರಿಂದ ಚೀಲವನ್ನು ಮತ್ತೊಮ್ಮೆ ಇಳಿಸಿ ಏರಿಸುವ ಕೆಲಸವೂ ಇದೆ. ಔಲಿಗೆ ಹೋಗುವವರು ಜೋಶಿಮಠದ ನೆಲ ಕುಸಿತದ ಹಿನ್ನೆಲೆಯಲ್ಲಿ 2023ರ ಜನವರಿಯಲ್ಲಿ ಅಲ್ಲಿನ ರೋಪ್‌ವೇ ನಿಂತುದನ್ನು ನೆನಪಿಟ್ಟು, ಮೇಲೇರುವ ವ್ಯವಸ್ಥೆಯನ್ನು ಮುಂಚೆಯೇ ವಿಚಾರಿಸಿಕೊಳ್ಳಬೇಕು.

ಹಿಮವಿಲ್ಲದ ವರ್ಷ, ಹಿಮ ಹೆಚ್ಚಿದ ದಿನ

ಸ್ವಂತ ಸ್ಕೀ ಕೊಂಡವರು ಎದುರಿಸಬೇಕಾದ ಹೊಸ ಸಮಸ್ಯೆ ಹಿಮದ ಅಭಾವ. 2024ರ ಜನವರಿಯ ಬಹುಭಾಗ ಗುಲ್ಮಾರ್ಗ್‌ನ ಇಳಿಜಾರುಗಳು ಬರಿದಾಗಿ, ಒಣಹುಲ್ಲು ಕಾಣುತ್ತಿತ್ತು. 2025ರ ಫೆಬ್ರವರಿಯಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಕೂಟದ ಗುಲ್ಮಾರ್ಗ್ ಸ್ಪರ್ಧೆಗಳು ಹಿಮ ಸಾಲದೆ ಮಾರ್ಚ್‌ಗೆ ಮುಂದೂಡಲ್ಪಟ್ಟವು. ಹಿಮ ತೆಳುವಾದಾಗ ಕಲ್ಲು ಮೇಲೇಳುತ್ತದೆ. ಹೊಸ ಸ್ಕೀಯ ತಳ ಒಂದೇ ದಿನದಲ್ಲಿ ಸೀಳಿಹೋಗಬಹುದು. ಅಂಥ ವರ್ಷ ಸ್ವಂತದ್ದನ್ನು ಚೀಲದಲ್ಲೇ ಬಿಟ್ಟು ಬಾಡಿಗೆಯದನ್ನು ಹಾಕಿಕೊಳ್ಳುವ ಜಾಣರಿದ್ದಾರೆ.

ಹಿಮ ಹೆಚ್ಚಿದಾಗಿನ ಅಪಾಯ ಇದಕ್ಕಿಂತ ಘೋರ. 2010ರ ಫೆಬ್ರವರಿಯಲ್ಲಿ ಗುಲ್ಮಾರ್ಗ್ ಬಳಿ ಹಿಮಕುಸಿತಕ್ಕೆ ಸಿಲುಕಿ 17 ಯೋಧರು ಮೃತಪಟ್ಟರು. 2023ರ ಫೆಬ್ರವರಿ 1ರಂದು ಅಫರ್ವಟ್‌ನಲ್ಲಿ ಪೋಲೆಂಡಿನ ಇಬ್ಬರು, 2024ರ ಫೆಬ್ರವರಿಯಲ್ಲಿ ಖಿಲನ್‌ಮಾರ್ಗ್‌ನಲ್ಲಿ ರಷ್ಯಾದ ಒಬ್ಬ ಸ್ಕೀ ಪಟು ಹಿಮದಡಿ ಪ್ರಾಣ ಕಳೆದುಕೊಂಡರು. ಸ್ಕೀ ಖರೀದಿಗೂ ಇದಕ್ಕೂ ಸಂಬಂಧವಿದೆ. ಅಗಲ ಸ್ಕೀ ಮೆತ್ತನೆಯ ಹಿಮದಲ್ಲಿ ಸುಲಭವಾಗಿ ತೇಲಿಸುವುದರಿಂದ, ಗುರುತಿಸಿದ ದಾರಿ ಬಿಟ್ಟು ಪಕ್ಕದ ಹೊಸ ಹಿಮಕ್ಕೆ ಇಳಿಯುವ ಧೈರ್ಯ ಕೌಶಲಕ್ಕಿಂತ ಮೊದಲೇ ಬಂದುಬಿಡುತ್ತದೆ. ಎರಡನೆಯ ಹಂತದ ಗೊಂಡೊಲಾದಿಂದ ದಾರಿ ಬಿಟ್ಟು ಇಳಿಯುವವರ ಬಳಿ ಸಂಕೇತ ಕಳುಹಿಸುವ ಟ್ರಾನ್ಸೀವರ್, ಸಲಿಕೆ, ಶೋಧನಾ ಕಂಬಿ ಈ ಮೂರು ಇರಬೇಕು, ಬಳಸಲು ಬರಬೇಕು, ಸ್ಥಳೀಯ ಮಾರ್ಗದರ್ಶಿ ಜೊತೆಗಿರಬೇಕು. 88ರ ಸ್ಕೀಯನ್ನು 98ಕ್ಕೆ ಏರಿಸಲು ಮೀಸಲಿಟ್ಟ ಹಣವನ್ನು ಮಾರ್ಗದರ್ಶಿಯ ಒಂದು ದಿನದ ಸಂಭಾವನೆಗೆ ತಿರುಗಿಸಿದರೆ ಮಧ್ಯಮ ಹಂತದವರಿಗೆ ಹೆಚ್ಚು ಲಾಭ.

ಊರಿಗೆ ಮರಳಿದ ಮೇಲೆ

ಸ್ಕೀಯ ಅಂಚು ಉಕ್ಕು. ಹಿಮಾಲಯದ ಒಣ ಚಳಿಯಲ್ಲಿ ಹೊಳೆಯುತ್ತಿದ್ದ ಅದು ಸಾರಕ್ಕಿಯ ಮುಂಗಾರಿನಲ್ಲಿ ಕಿಲುಬು ಹಿಡಿಯಲು ಹೆಚ್ಚು ದಿನ ಬೇಡ. ಮರಳಿದ ದಿನವೇ ಚೀಲದಿಂದ ತೆಗೆದು, ಒಣಬಟ್ಟೆಯಿಂದ ಒರೆಸಿ, ಒಂದು ರಾತ್ರಿ ಫ್ಯಾನಿನ ಕೆಳಗೆ ಒಣಗಿಸಬೇಕು. ಮೂಡಿದ ಸಣ್ಣ ಕಲೆಗಳನ್ನು ಮೃದುವಾದ ಉಜ್ಜುಗಲ್ಲಿನಿಂದ ತೆಗೆಯಬಹುದು. ಅನಂತರ ತಳಕ್ಕೂ ಅಂಚಿಗೂ ದಪ್ಪನಾಗಿ ಮೇಣ ಹಚ್ಚಿ, ಕೆರೆಯದೆ ಹಾಗೆಯೇ ಬಿಡಬೇಕು. ಮುಂದಿನ ಚಳಿಗಾಲದಲ್ಲಿ ಹೊರಡುವ ಮೊದಲು ಕೆರೆದರಾಯಿತು. ಮನೆಯ ಇಸ್ತ್ರಿಪೆಟ್ಟಿಗೆಯಿಂದ ಮೇಣ ಕರಗಿಸುವವರಿದ್ದಾರೆ. ಅದರ ಶಾಖ ಏರಿಳಿಯುವುದರಿಂದ ತಳ ಸುಡುವ ಸಂಭವವಿದೆ. ಆ ಪೆಟ್ಟಿಗೆ ಮತ್ತೆ ಅಂಗಿಗೆ ಉಪಯೋಗಕ್ಕೆ ಬರುವುದೂ ಇಲ್ಲ. ಬೂಟಿನ ಒಳಪದರವನ್ನು ಹೊರತೆಗೆದು ಪೂರ್ತಿ ಒಣಗಿಸಿ, ಮರಳಿ ಸೇರಿಸಿ, ಕೊಕ್ಕೆಗಳನ್ನು ಸಡಿಲವಾಗಿ ಹಾಕಿಡಬೇಕು. ಇಲ್ಲದಿದ್ದರೆ ಪ್ಲಾಸ್ಟಿಕ್ ಆಕಾರ ಕೆಡುತ್ತದೆ, ಒಳಗೆ ಬೂಷ್ಟು ಬೆಳೆಯುತ್ತದೆ. ತಾರಸಿಯ ತಗಡಿನ ಕೊಠಡಿಯ ಬೇಸಿಗೆಯ ಬಿಸಿ, ನೆಲಮಾಳಿಗೆಯ ತೇವ ಎರಡೂ ಇವಕ್ಕೆ ಆಗದು. ಮಲಗುವ ಕೋಣೆಯ ಬೀರುವಿನ ಹಿಂಬದಿಯಲ್ಲಿ, ಮರದ ತುಂಡಿನ ಮೇಲೆ ನಿಲ್ಲಿಸಿ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಅಂಚನ್ನು ಬೆರಳಿನಿಂದ ಸವರಿ ನೋಡಿದರೆ ಸಾಕು.